ಕಮಲಾಪುರದಾಗ ಮೂರು ಟೊಪಗಿ

ಜಪಾನಿ ಹೋಟೆಲ್ ಕಂಪನಿ ಕೆಲಸ ಆರಾಮ ಅಂತ ನಿಮಗ ಯಾರ್ ಹೇಳಿದ್ರೀ? ಹೈದರಾಬಾದಿನಾಗ ಅವರವು ಮೂರು ಹೋಟೆಲ್, ಮೂರಕ್ಕೂ ಬ್ಯಾರೆ ಹೆಸರು, ಬ್ಯಾರೆ ಬಣ್ಣದ ಟೊಪಗಿ. ಯಾವ ಹೋಟೆಲಿಗಿ ಖರೀದಿ ಮಾಡ್ತೀವೋ ಅದರ ಟೊಪಗಿ ಹಾಕ್ಕೊಂಡೇ ಮಾತಾಡಬೇಕಂತ ರೂಲು. ಮೂರಕ್ಕೂ ಖರೀದಿ ಮಾಡಾಂವ ನಾನೊಬ್ಬನೇ. ಮಾಲು ಮುಟ್ಟಲಿಲ್ಲಂದ್ರ ಬೈಸ್ಕೊಳ್ಳಾಂವನೂ ನಾನೊಬ್ಬನೇ.

ಕೆಂಪು ಬಾಳಿಹಣ್ಣಿಗಿ ಕಮಲಾಪುರಕ್ಕ ಹೋದೆ. ಮೊದಲನೇ ಹೋಟೆಲಿನ ಕರಿ ಟೊಪಗಿ ಹಾಕ್ಕೊಂಡು ಮಾತಾಡಿದೆ. ತ್ವಾಟದ ಶರಣಪ್ಪ ಗೌಡ್ರು, "ಇದ್ದ ಇಪ್ಪತ್ತು ಗೊನಿನೂ ನೀವೇ ಒಯ್ರಿ" ಅಂದ್ರು. ನಾ ಹೂಂ ಅಂದು, ಗಿಡದ ಹಿಂದ ಹೋಗಿ ಕೆಂಪು ಟೊಪಗಿ ಹಾಕ್ಕೊಂಡು ಬಂದೆ.

"ಬರ್ರಿ, ತಾವ್ಯಾರ್ರೀ?" ಅಂದ್ರು ಗೌಡ್ರು, ಒಂಚೂರೂ ನಗಲಿಲ್ಲ.

"ಎರಡನೇ ಹೋಟೆಲಿನಾಂವ ರೀ. ಏಳು ಗೊನಿ ಬೇಕಿತ್ತು."

"ಆಗಂಗಿಲ್ರೀ. ಈಗಷ್ಟೇ ಕರಿ ಟೊಪಗಿಯವರಿಗಿ ಮಾತು ಕೊಟ್ಟೀನಿ."

"ಅಂವ ನಾನೇ ರೀ ಗೌಡ್ರ!"

"ಹಂಗಾದ್ರ ನೀವ್ ನೀವೇ ಬಗಿಹರಿಸ್ಕೋರಿ."

ನನ್ನ ಹಣ್ಣು ನಾನೇ ಕಸ್ಗೊಂಡಿದ್ದೆ. ಮತ್ತ ಕರಿ ಟೊಪಗಿ ಹಾಕ್ಕೊಂಡು, ಏಳು ಗೊನಿ ಬಿಟ್ಟುಕೊಡ್ತೀನಿ ಅಂತ ಕೈಮುಗದೆ. ಮೂರನೇ ಟೊಪಗಿಗೂ ಇದೇ ಆಟ ಆದಮ್ಯಾಲ ಗೌಡ್ರು ನಕ್ಕು ಒಪ್ಪಿದ್ರು.

ಮಾಲು ಹೈದರಾಬಾದಿಗಿ ಕಳಿಸಿ, ಬ್ರಹ್ಮಪುರದ ನಮ್ಮ ಮನಿಗಿ ಬಂದು ಇದೆಲ್ಲಾ ಹೇಳಿದೆ. ಹೆಂಡ್ತಿ ನನ್ನ ಖಾಲಿ ಕೈ ನೋಡಿದ್ಳು.

"ಮೂರು ಮಂದಿ ಹೋಗಿದ್ರಿ. ಮನಿಗಿ ನಾಕು ಹಣ್ಣು ಒಯ್ಯಬೇಕಂತ ಒಬ್ಬರಿಗೂ ನೆನಪಾಗಲಿಲ್ಲೇನ್ರೀ?"