ಪಾಲಾದ ಕೀಬೋರ್ಡ್

ನಾನು ಮಾಡಿದ ಕೀಬೋರ್ಡು ಎರಡು ಹೋಳು. ಕೀಗಳ ಸಾಲು ಬೆರಳಿನ ಅಳತೆಗೆ ಬಾಗಿದೆ. ಅದಕ್ಕೆ ಆನ್‌ಲೈನಿನಲ್ಲಿ ಜನರಿಂದ ಹಣ ಕೂಡಿಸಲು ಉಳಿದದ್ದು ಎರಡೇ ದಿನ. ಬಳಸಿದವರ ಒಳ್ಳೆ ಮಾತೊಂದನ್ನು ವಿಡಿಯೊ ಮಾಡೋಣ ಅಂತ ತೀರ್ಥಹಳ್ಳಿಯ ಪತ್ರ ಬರಹಗಾರ್ತಿ ಸುಮಿತ್ರಕ್ಕನ ಟೇಬಲ್ಲಿಗೆ ಓಡಿದೆ. ಅವರು ಎದುರಿಗೆ ಕೂತ ಅಣ್ಣತಮ್ಮಂದಿರ ಆಸ್ತಿ ಪಾಲುಪತ್ರ ಟೈಪ್ ಮಾಡುತ್ತಿದ್ದರು.

"ಎಂತ ಮಾರಾಯ್ರೆ, ಇದಕ್ಕೂ ಪಾಲಾಯ್ತಾ?" ಅಂದರು ಅಕ್ಕ, ನನ್ನ ಕೀಬೋರ್ಡ್ ನೋಡಿ.

"ಮಣಿಕಟ್ಟು ನೋಯಲ್ಲ ಅಕ್ಕ, ಬೇಗ ಒತ್ತಿ ನೋಡಿ," ಅಂದೆ, ಮೊಬೈಲ್ ಹಿಡಿದುಕೊಂಡು.

"ಸ್ಪೇಸ್ ಬಾರ್ ಯಾರಿಗೆ?"

"ಎರಡಕ್ಕೂ ಒಂದೊಂದಿದೆ."

"ನಡುವಿನ ಈ ವೈರು?"

"ಅದನ್ನ ಕಿತ್ರೆ ಬಲಗಡೇದು ನಡೆಯಲ್ಲ."

"ಎಡಗಡೇದು ನಡೀತದಲ್ಲ, ಸಾಕು!" ಅಂದರು ಎಡಕ್ಕೆ ಕೂತಿದ್ದ ಅಣ್ಣ. ಬಲಕ್ಕೆ ಕೂತಿದ್ದ ತಮ್ಮ ಕೂಗುತ್ತಾ ಕುರ್ಚಿ ದೂಡಿ ಎದ್ದರು.

ನನ್ನ ವಿಡಿಯೊದಲ್ಲಿ ಈಗ ಮಣಿಕಟ್ಟಿನ ಸುದ್ದಿಯೇ ಇಲ್ಲ, ಬರೀ ಅಣ್ಣತಮ್ಮಂದಿರ ಗಂಟಲು.