ಅತ್ತೆಯ ಸಹಿ

ಅಪ್ಪ ಕಟಪಾಡಿಯ ಹತ್ತಿರ ಬಸ್ಸಿನಡಿಗೆ ಸಿಕ್ಕಿ ತೀರಿಕೊಂಡಾಗ ಮೊಕದ್ದಮೆ ಕೋರ್ಟಿನವರೆಗೆ ಹೋಗಲಿಲ್ಲ. ಉಡುಪಿಯ ವಕೀಲರೊಬ್ಬರ ಕಚೇರಿಯಲ್ಲೇ ರಾಜಿಯಾಯಿತು. ಬಸ್ಸಿನ ಮಾಲೀಕರು ಕೊಟ್ಟ ಹಣ ಮನೆಗೆ ಬಂದರೆ ಕರಗಿಹೋಗುತ್ತದೆ, ನನ್ನ ಮದುವೆಯವರೆಗೆ ವಕೀಲರ ಬಳಿಯೇ ಇರಲಿ ಎಂದು ಮಾವ ಹೇಳಿದರು. ಮಾವ ಎಂದರೆ ಅಮ್ಮನ ಅಣ್ಣ. ತಾಯಿಯ ಕಡೆಯಿಂದ ಮನೆತನ ನಡೆಯುವ ನಮ್ಮಲ್ಲಿ ಕಾಗದಪತ್ರವೆಲ್ಲ ಮಾವನ ಹೆಸರಿಗೇ. ರಸೀದಿಯೂ ಅವರ ಹೆಸರಿನಲ್ಲೇ ಆಯಿತು. ಅಮ್ಮ ಹೊರಗೆ ಬೆಂಚಿನಲ್ಲಿ ಕುಳಿತಿದ್ದಳು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಕೆಲವು ವರ್ಷಗಳಲ್ಲಿ ಮಾವ ಹೋದರು. ಆಮೇಲೆ ವಕೀಲರೂ ಹೋದರು, ಕಚೇರಿ ಮುಚ್ಚಿತು. ಅದೇ ಮಳೆಗಾಲದಲ್ಲಿ ಅಮ್ಮ ತನ್ನ ಎದೆಯ ಗಂಟನ್ನು ನನಗೆ ತೋರಿಸಿದಳು. ಮಣಿಪಾಲದ ಡಾಕ್ಟರು ಬೇಗ ಆಪರೇಷನ್ ಆಗಬೇಕು ಎಂದರು. ನಮಗಿದ್ದ ಹಣ ಅದೊಂದೇ.

ಮುಚ್ಚಿದ ಕಚೇರಿಯ ಲೆಕ್ಕವನ್ನು ಇನ್ನೊಬ್ಬ ವಕೀಲರು ವಹಿಸಿಕೊಂಡಿದ್ದರು.

“ಹಣ ಬ್ಯಾಂಕಿನಲ್ಲಿ ಉಂಟಮ್ಮ, ಎಲ್ಲಿಗೂ ಹೋಗಲಿಲ್ಲ. ಆದರೆ ರಸೀದಿ ನಿಮ್ಮ ಅಣ್ಣನ ಹೆಸರಲ್ಲಿ. ಅವರಿಗೆ ಮಕ್ಕಳಿಲ್ಲ. ಹಾಗಾದರೆ ಅದು ಅವರ ಹೆಂಡತಿಗೆ. ಇದು ನನ್ನದಲ್ಲ ಅಂತ ಅವರು ಬಂದು ಸಹಿ ಹಾಕಿದರೆ ಆಯಿತು.”

“ಬೇರೆ ದಾರಿ ಇಲ್ವಾ?” ಅಮ್ಮ ಕೇಳಿದಳು.

“ಕೋರ್ಟು ಉಂಟು. ವರ್ಷಗಟ್ಟಲೆ ಆಗ್ತದೆ.”

ಅಮ್ಮನ ಮುಖ ಇಳಿಯಿತು. ಮಾವ ತೀರಿಕೊಂಡದ್ದು ಕಾರ್ಕಳದಲ್ಲಿ, ಅತ್ತೆಯ ಮನೆಯಲ್ಲಿ. ಗಂಡಸು ಹೆಂಡತಿಯ ಮನೆಯಲ್ಲಿ ಬದುಕಿದರೂ ಅವನನ್ನು ಸುಡುವುದು ತಾಯಿಮನೆಯ ನೆಲದಲ್ಲೇ ಎಂಬುದು ನಮ್ಮ ಕಟ್ಟಳೆ. ನಮ್ಮವರು ಜೀಪು ತಂದು ಶವವನ್ನು ಕಾಪುವಿನ ನಮ್ಮ ಮನೆಗೆ ಒಯ್ದರು. ಅತ್ತೆಗೆ ಬೇರೆ ಕಾರು ಕಳಿಸುತ್ತೇವೆ ಎಂದವರು ಕಳಿಸಲಿಲ್ಲ. ಆಮೇಲೆ ಆ ಮನೆಗೆ ಯಾರೂ ಹೋಗಿರಲಿಲ್ಲ.

ನಾವು ಹೋದಾಗ ಅತ್ತೆ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು.

“ಏನು, ದಾರಿ ನೆನಪುಂಟಾ?” ಎಂದರು. ಅಮ್ಮ ರಸೀದಿಯ ವಿಷಯ ಹೇಳಿದಳು, ಗಂಟಿನ ಸುದ್ದಿ ಎತ್ತಲಿಲ್ಲ.

“ಹೆಣ ನಿಮ್ಮದು, ಸಹಿ ಮಾತ್ರ ನನ್ನದಾ?”

“ಅವತ್ತು ಗಂಡಸರೆಲ್ಲ ಸೇರಿ, ಅತ್ತಿಗೆ...”

“ಗಂಡಸರ ಮಾತು ಬಿಡು. ನೀನಿದ್ದಿಯಲ್ಲ ಅಲ್ಲಿ?”

ನನಗೆ ತಡೆಯಲಾಗಲಿಲ್ಲ. “ಅತ್ತೆ, ಅಮ್ಮನಿಗೆ ಎದೆಯಲ್ಲಿ ಗಂಟುಂಟು. ಮಣಿಪಾಲದಲ್ಲಿ ಕೊಯ್ಯಬೇಕಂತೆ.”

ಅತ್ತೆಯ ಕೈ ನಿಂತಿತು. “ಇದನ್ನು ಮೊದಲು ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ದೊಡ್ಡ ಮನೆತನದವಳು!” ಎಂದು ಅಮ್ಮನನ್ನು ಗದರಿ ಒಳಗೆ ಹೋದರು. ಸೀರೆ ಬದಲಿಸಿ ಬಂದರು. “ಸಹಿ ಹಾಕ್ತೇನೆ. ಮೊದಲು ಕಾಪುವಿಗೆ ಹೋಗುವ. ಅವರನ್ನು ಸುಟ್ಟ ಜಾಗ ನಾನಿನ್ನೂ ನೋಡಲಿಲ್ಲ.”

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪು ತಲಪುವಾಗ ಸಂಜೆಯಾಗಿತ್ತು. ಮನೆಯ ಹಿಂದೆ, ಮಾವನನ್ನು ಸುಟ್ಟಲ್ಲಿ, ಒಂದು ತೆಂಗಿನ ಸಸಿ ನೆಟ್ಟಿದ್ದರು. “ಇದಾ?” ಎಂದರು ಅತ್ತೆ. ಮಳೆ ಬಂದು ನೆಲವೆಲ್ಲ ನೆಂದಿತ್ತು. ಆದರೂ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು ಅದರ ಬುಡಕ್ಕೆ ಹೊಯ್ದರು. ಮರುದಿನ ಸಹಿ ಹಾಕಿದರು.

ಹಣ ಬಂತು, ಆಪರೇಷನ್ ಆಯಿತು. ರೋಗ ಆಗಲೇ ಕಂಕುಳು ದಾಟಿ ಹರಡಿದೆ ಎಂದರು ಡಾಕ್ಟರು. ಸ್ವಲ್ಪ ಮೊದಲು ಬಂದಿದ್ದರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅತ್ತೆ ಕೇಳಿದರು.

“ಇದು ಒಂದೆರಡು ತಿಂಗಳಿನದ್ದಲ್ಲ,” ಎಂದರು ಡಾಕ್ಟರು. “ಅವರಿಗೆ ಗೊತ್ತಿದ್ದಿರಬೇಕು.”

ವಾರ್ಡಿಗೆ ಮರಳಿ ಅತ್ತೆ ಅಮ್ಮನ ಮಂಚದ ಮೇಲೆ ಕುಳಿತರು. “ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ, ಮಾರಾಯ್ತಿ?”

ಅಮ್ಮ ಕಿಟಕಿಯ ಕಡೆ ನೋಡಿದಳು. “ಯಾರಿಗೆ ಹೇಳಲಿ ಅತ್ತಿಗೆ? ಅಣ್ಣ ಇರಲಿಲ್ಲ.”

ಅತ್ತೆ ಗಂಜಿ ಆರಿಸಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಬೇಸಗೆ ಬರುವ ಮೊದಲೇ ಅಮ್ಮ ಹೋದಳು.