ಹತ್ತು ಉಸಿರು

ಕಳೆದ ವಾರ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ಮಗಳ ಜೊತೆ ಹೋಗುತ್ತಿದ್ದಾಗ ಲಾಂಡ್ರಿಯೊಂದರ ಬಾಗಿಲು ತೆರೆದು ಆ ವಾಸನೆ ಹೊರಗೆ ಬಂತು. ಗಂಜಿ ಹಾಕಿದ ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಕೂತಾಗ ಏಳುವ ವಾಸನೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. "ಅಮ್ಮಾ, ವಾಟ್ ಹ್ಯಾಪನ್ಡ್?" ಎಂದಳು ಮಗಳು. ಏನಿಲ್ಲ ಪುಟ್ಟಾ, ಎಂದೆ. ಏನಿಲ್ಲ ಅನ್ನುವುದು ನನಗೆ ಬಹಳ ಚೆನ್ನಾಗಿ ಬರುತ್ತದೆ.

ಮದುವೆಗೆ ಮುಂಚೆ ನಾನು ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಪುಟ್ಟ ಸ್ಟುಡಿಯೋ ಫ್ಲಾಟಿನಲ್ಲಿದ್ದೆ. ಕಟ್ಟಡದ ಕೆಳಗೇ ಒಂದು ಲಾಂಡ್ರಿ. ಅಲ್ಲಿ ಇಸ್ತ್ರಿ ಮಾಡುತ್ತಿದ್ದವರು ಉಡುಪಿ ಕಡೆಯವರು, ಮನೆಮಾತು ತುಳು, ವಯಸ್ಸು ಐವತ್ತರ ಹತ್ತಿರ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅರ್ಧ ವಯಸ್ಸಿನ ನನ್ನನ್ನು ಅವರು ಅಕ್ಕ ಎನ್ನುತ್ತಿದ್ದರು. "ಮೈಸೂರಿನ ಅಕ್ಕನಿಗೆ ಎಲ್ಲ ನಿಧಾನ, ಅಂಗಿ ಮಾತ್ರ ಈಗಲೇ ಆಗ್ಬೇಕು," ಎಂದು ತಮಾಷೆ ಮಾಡುತ್ತಿದ್ದರು. ಅರಬರು ತೊಡುವ ಬಿಳಿ ನಿಲುವಂಗಿ, ಆ ಕಂದೂರಾಗಳ ರಾಶಿಯ ಹಿಂದೆ, ಹಬೆಯ ನಡುವೆ, ಅವರ ಎದೆ ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಇನ್‌ಹೇಲರ್ ಇಟ್ಟುಕೊಳ್ಳುತ್ತಿದ್ದುದು ಗುಂಡಿಗಳ ಡಬ್ಬಿಯಲ್ಲಿ, ಯಜಮಾನರ ಕಣ್ಣಿಗೆ ಬೀಳದ ಹಾಗೆ.

ನನ್ನ ಕೆಲಸವೂ ಅದೇ ಆಗಿತ್ತು ನೋಡಿ, ಉಸಿರಿನದು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನ ಒಂದು ಶೆಡ್ಡಿನಲ್ಲಿ ನಾವು ಆರು ಜನ ಹೊಸ ಥರದ ಇನ್‌ಹೇಲರ್ ಮಾಡುತ್ತಿದ್ದೆವು. ಮಾಮೂಲಿ ಇನ್‌ಹೇಲರಿನಲ್ಲಿ ಬೆರಳು ಒತ್ತುವುದೂ ಉಸಿರು ಎಳೆಯುವುದೂ ಒಟ್ಟಿಗೆ ಆಗಬೇಕು. ಅಣ್ಣ ಮೊದಲು ಒತ್ತಿ ಆಮೇಲೆ ಎಳೆಯುತ್ತಿದ್ದರು, ಅರ್ಧ ಔಷಧಿ ನಾಲಿಗೆಗೇ ಹೋಗುತ್ತಿತ್ತು. ನಮ್ಮದರಲ್ಲಿ ಒತ್ತುವುದೇ ಇಲ್ಲ. ಬಾಯಿಗಿಟ್ಟು ಎಳೆದರೆ ಸಾಕು, ಸರಿಯಾದ ಗಳಿಗೆಯಲ್ಲಿ ಯಂತ್ರವೇ ಔಷಧಿ ಬಿಡುತ್ತದೆ, ಹಸಿರು ದೀಪ ಹತ್ತುತ್ತದೆ. ಅದಕ್ಕಾಗಿ ಅದು ಮೊದಲು ಆ ಮನುಷ್ಯನ ಉಸಿರನ್ನು ಕಲಿಯಬೇಕು. ಮೂರು ಸಲ ಕೂರಿಸಿ, ಪ್ರತಿ ಸಲ ಹತ್ತು ಉಸಿರು ಎಳೆಸಿ, ಅದರ ಜೋರೆಷ್ಟು, ಉದ್ದವೆಷ್ಟು ಎಂದು ಅದರೊಳಗೆ ತುಂಬಿಸುತ್ತಿದ್ದೆವು. ಆಮೇಲೆ ಅದು ಅಂಥ ಉಸಿರಿಗಾಗಿಯೇ ಕಾಯುತ್ತಿತ್ತು.

ಉಸಿರು ಕೊಡಲು ಬರುತ್ತೀರಾ ಎಂದು ಅಣ್ಣನನ್ನು ಕೇಳಿದೆ. "ನನ್ನ ಉಸಿರಾ? ಯಾರಿಗೆ ಬೇಕು ಮಾರಾಯ್ರೆ ಅದು!" ಎಂದು ನಕ್ಕರು. ಆದರೆ ಬಂದರು. ಆಗೆಲ್ಲ ರಜೆ ಶುಕ್ರವಾರ. ಮೂರು ಶುಕ್ರವಾರವೂ ತಲೆಗೆ ಎಣ್ಣೆ ಹಚ್ಚಿ, ಪೌಡರ್ ಬಳಿದು, ಮಡಿಕೆ ಮುರಿಯದ ಅಂಗಿ ಹಾಕಿಕೊಂಡು ಬಂದರು. ಬೆನ್ನು ನೆಟ್ಟಗೆ ಮಾಡಿ ಕೂತು ಹತ್ತು ಉಸಿರನ್ನೂ ಉದ್ದಕ್ಕೆ, ಜೋರಾಗಿ ಎಳೆದರು. ಎದೆಯಲ್ಲಿ ಸೀಟಿಯ ಸದ್ದೇ ಇರಲಿಲ್ಲ. "ಪಾಸಾ ಅಕ್ಕ?" ಎಂದು ಪ್ರತಿ ಸಲ ಕೇಳಿದರು. "ಫಸ್ಟ್ ಕ್ಲಾಸ್ ಅಣ್ಣಾ," ಎಂದು ಪ್ರತಿ ಸಲ ಹೇಳಿದೆ. ದಿನಾ ಸಂಜೆ ಆ ಸೀಟಿ ಕೇಳುತ್ತಿದ್ದವಳು ನಾನೇ. ಆ ಮೂರು ದಿನ ಅದು ಎಲ್ಲಿ ಹೋಯಿತು ಎಂದು ಒಮ್ಮೆಯಾದರೂ ಯೋಚಿಸಬೇಡವೇ? ಯೋಚಿಸಲಿಲ್ಲ. ಪರದೆಯ ಮೇಲೆ ಗೆರೆ ಚೆನ್ನಾಗಿ ಬರುತ್ತಿತ್ತು, ನನಗೆ ಅಷ್ಟೇ ಬೇಕಾಗಿತ್ತು.

ಮುಂದೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಪರೀಕ್ಷೆಯ ಸಾಮಾನು ಶೆಡ್ಡಿನಿಂದ ಹೊರಗೆ ಹೋಗಬಾರದು ಎಂಬ ನಿಯಮವಿತ್ತು. ಅವರ ಉಸಿರು ತುಂಬಿಸಿದ ಒಂದನ್ನು ನಾನು ಬ್ಯಾಗಿಗೆ ಹಾಕಿಕೊಂಡು ಬಂದು ಅವರ ಕೈಗಿಟ್ಟೆ. ಪ್ರೀತಿಯಿಂದ ಕೊಟ್ಟೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾನು ಮಾಡಿದ್ದನ್ನು ಒಬ್ಬರು ಮೆಚ್ಚಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹಳೆಯದನ್ನೂ ಹತ್ತಿರ ಇಟ್ಟುಕೊಂಡಿರಿ ಎಂದು ಎರಡೆರಡು ಸಲ ಹೇಳಿದ್ದೆ. "ಮಂಡೆ ಬಿಸಿ ಮಾಡ್ಬೇಡಿ ಅಕ್ಕ," ಎಂದರು.

ಒಂದು ಶನಿವಾರ ಬೆಳಿಗ್ಗೆಯಿಂದಲೇ ಧೂಳಿನ ಗಾಳಿ. ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ, ನಾನು ಕೆಲಸಕ್ಕೆ ಹೋಗಿರಲಿಲ್ಲ. ಹನ್ನೊಂದರ ಹೊತ್ತಿಗೆ ಪಕ್ಕದ ಗ್ರೋಸರಿಯ ಮಲಯಾಳಿ ಬಂದು ಬಾಗಿಲು ಬಡಿದ. ಕೆಳಗೆ ಓಡಿದೆ. ಅಣ್ಣ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ನನ್ನ ಯಂತ್ರವನ್ನು ಬಾಯಿಗೆ ಒತ್ತಿಹಿಡಿದು ಎಳೆಯುತ್ತಿದ್ದರು. ತುಟಿ ನೀಲಿಯಾಗಿತ್ತು. ಹಸಿರು ದೀಪ ಹತ್ತಲಿಲ್ಲ. ಮತ್ತೆ ಎಳೆದರು. ಹತ್ತಲಿಲ್ಲ... ಹಳೆಯದು ಎಲ್ಲಿ ಎಂದು ಕೂಗಿದೆ. ರೂಮಿನಲ್ಲಿದೆ ಎಂದು ಕೈಸನ್ನೆ ಮಾಡಿದರು. ರೂಮು ಇದ್ದದ್ದು ಅಲ್‌ಕೂಜ್‌ನಲ್ಲಿ, ಅಷ್ಟು ದೂರ. ನಾನು ಔಷಧಿ ಅಂಗಡಿಗೆ ಓಡಿ ಮಾಮೂಲಿ ಇನ್‌ಹೇಲರ್ ತಂದು, ನಾನೇ ಒತ್ತಿ, ಒತ್ತಿ... ಆಂಬ್ಯುಲೆನ್ಸ್ ಬರುವ ಹೊತ್ತಿಗೆ ಕಣ್ಣು ಬಿಟ್ಟರು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ನನ್ನನ್ನು ನೋಡಿದರು.

ಮರುದಿನ ಆಸ್ಪತ್ರೆಯಲ್ಲಿ ಅವರೇ ಬಾಯಿಬಿಟ್ಟರು. "ತಪ್ಪು ನಂದೇ ಅಕ್ಕ. ನಿಮ್ಮಲ್ಲಿಗೆ ಬರುವ ಮೊದಲು ಎರಡು ಪಫ್ ಹಾಕಿಕೊಂಡು ಬರ್ತಿದ್ದೆ. ಟೆಸ್ಟ್ ಅಂದ್ರೆ ಫೇಲ್ ಆಗ್ಲಿಕ್ಕೆ ಆಗ್ತದಾ? ವೀಸಾ ಮೆಡಿಕಲ್‌ಗೂ ನಾನು ಹಾಗೇ ಹೋಗುವುದು. ಎದೆಯ ಸೀಟಿ ಕೇಳಿದ್ರೆ ಊರಿಗೆ ಕಳಿಸ್ತಾರೆ. ಮತ್ತೆ, ನಿಮಗೂ ಒಳ್ಳೆ ರಿಪೋರ್ಟ್ ಬರ್ಲಿ ಅಂತ..."

ಸೀಟಿ ಕೇಳಿದರೆ ನಿಜಕ್ಕೂ ಕಳಿಸುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಇಪ್ಪತ್ತು ವರ್ಷ ಅವರು ಆ ಹೆದರಿಕೆಯಲ್ಲೇ ಬದುಕಿದ್ದರು. ಬಿಳಿ ಕೋಟು, ಕುರ್ಚಿ, ಬಾಯಿಗೊಂದು ನಳಿಗೆ ಕಂಡರೆ ಅವರ ಮಟ್ಟಿಗೆ ಎಲ್ಲವೂ ಮೆಡಿಕಲ್ಲೇ. ನಮ್ಮ ಯಂತ್ರ ಆರೋಗ್ಯವಂತನೊಬ್ಬನ ಉಸಿರು ಕಲಿತು ಅವನಿಗಾಗಿ ಕಾಯುತ್ತಿತ್ತು. ಅಂಥವನು ಅಲ್ಲಿ ಇರಲೇ ಇಲ್ಲ. ಬಡವಾದ ಉಸಿರನ್ನೇ ಮೊದಲು ಕಲಿಸಬೇಕೆಂಬುದು ಇಂಜಿನಿಯರ್ ಅನ್ನಿಸಿಕೊಂಡ ನನಗೆ ಹೊಳೆಯಬೇಕಿತ್ತು.

ಯಜಮಾನರಿಗೆ ವಿಷಯ ತಿಳಿಯಿತು. ತಿಂಗಳೊಳಗೆ ಅಣ್ಣನ ವೀಸಾ ಕ್ಯಾನ್ಸಲ್. "ಖಲಾಸ್ ಅಕ್ಕ, ಇಲ್ಲಿಯ ಅನ್ನದ ಋಣ ಮುಗೀತು," ಎಂದು ನಗಲು ನೋಡಿದರು. ಏರ್‌ಪೋರ್ಟಿಗೆ ಬರುತ್ತೇನೆ ಎಂದಿದ್ದೆ. ಹೋಗಲಿಲ್ಲ, ಮುಖ ತೋರಿಸಲು ನಾಚಿಕೆಯಾಯಿತು. ಆಫೀಸಿನಲ್ಲಿ ಯಂತ್ರ ಹೊರಗೆ ಹೋದದ್ದನ್ನು ಒಪ್ಪಿಕೊಂಡೆ, ಬೈಸಿಕೊಂಡೆ. ಕಲಿಸುವ ಕ್ರಮವನ್ನು ಬದಲಾಯಿಸಿದೆವು. ವರದಿಯಲ್ಲಿ ಅಣ್ಣ ಬರೀ ಒಂದು ನಂಬರು.

ಊರಿನಿಂದ ಆಗಾಗ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರುತ್ತಿತ್ತು. ಊಟ ಆಯ್ತಾ, ಮದುವೆ ಯಾವಾಗ ಎಂದೆಲ್ಲ. ಒಂದೆರಡಕ್ಕೆ ಉತ್ತರ ಕೊಟ್ಟೆ. ಆಮೇಲೆ ಅವರ ದನಿ ಕೇಳಿದರೆ ಆ ನೀಲಿ ತುಟಿ ಕಣ್ಣಿಗೆ ಬರುತ್ತಿತ್ತು, ತೆರೆಯುವುದನ್ನೇ ಬಿಟ್ಟೆ. ಅಣ್ಣ ತೀರಿಕೊಂಡರಂತೆ ಎಂದು ಅದೇ ಗ್ರೋಸರಿಯವನು ಹೇಳಿದಾಗ ಅವರು ಊರಿಗೆ ಹೋಗಿ ವರ್ಷ ಕಳೆದಿತ್ತು. ಮೇಲೆ ಹೋಗಿ, ಬಾಗಿಲು ಹಾಕಿಕೊಂಡು, ತೆರೆಯದೆ ಉಳಿದಿದ್ದ ಕೊನೆಯ ಮೆಸೇಜನ್ನು ಒತ್ತಿದೆ.

"ಅಕ್ಕ, ಇವತ್ತು ಉಸಿರು ಭಾರೀ ಕೆಟ್ಟಿದೆ. ಪಫ್ ಹಾಕ್ಲಿಲ್ಲ ನಾನು. ಇದು ಸರಿಯಾದ್ದು, ಬರ್ಕೊಳ್ಳಿ." ಆಮೇಲೆ ಮಾತಿಲ್ಲ. ಒಂದೊಂದಾಗಿ, ಗರಗಸದ ಸದ್ದಿನಂಥ ಹತ್ತು ಉಸಿರು. ನಾನು ಕಲಿಸಿದ ಹಾಗೇ, ನಡುವೆ ಬಿಡುವು ಕೊಟ್ಟು, ಸರಿಯಾಗಿ ಹತ್ತು. ಕೊನೆಗೆ ಅವರ ದನಿ: "ಸಾಕಾ ಅಕ್ಕ?"

ಇವತ್ತಿಗೂ ಉಸಿರು ಕೊಡಲು ಬಂದವರಿಗೆ ನಾನು ಮೊದಲು ಹೇಳುವುದು ಒಂದೇ, ಇಲ್ಲಿ ಪಾಸೂ ಇಲ್ಲ ಫೇಲೂ ಇಲ್ಲ, ಮೈ ಸರಿಯಿಲ್ಲದ ದಿನ ಬನ್ನಿ ಎಂದು. ಆದರೂ ಅವರು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡೇ ಬರುತ್ತಾರೆ. ಹಮ್ದಾನ್ ಸ್ಟ್ರೀಟಿನ ಆ ಲಾಂಡ್ರಿಯ ಬಾಗಿಲು ಮತ್ತೆ ಮುಚ್ಚಿತು, ವಾಸನೆ ನಿಂತಿತು. ಮಗಳು ಕೈ ಎಳೆದಳು, "ಯಲ್ಲಾ ಅಮ್ಮಾ, ಹೋಗೋಣ." ನಡೆದೆ. ಫೋನ್ ಎಷ್ಟು ಬದಲಾದರೂ ಆ ಮೆಸೇಜನ್ನು ಉಳಿಸಿಕೊಂಡು ಬಂದಿದ್ದೇನೆ. ಅದಕ್ಕೆ ಕೊಡದ ಉತ್ತರ ಹಾಗೇ ಉಳಿದಿದೆ... ಸಾಕು ಅಣ್ಣಾ, ಈಗ ಔಷಧಿ ತಗೊಳ್ಳಿ.